ಖಾಲಿ ಷರತ್ತಿಗೆ ಸತ್ತ ನಲವತ್ತೊಂದು ಹಸುಗಳು

ಪಶು ಆರೋಗ್ಯ ಇಲಾಖೆಯ ಮುಖ್ಯಸ್ಥರೇ,

ಗಣಕದ ನಮೂನೆಯಲ್ಲಿ ತಮ್ಮ ಕಚೇರಿ ಏನನ್ನೂ ತುಂಬದೆ ಬಿಟ್ಟ ಒಂದು ಚೌಕದಿಂದ ನಮ್ಮ ಕಿರ್ಗಿಜ್ ಕಣಿವೆಯಲ್ಲಿ ನಲವತ್ತೊಂದು ಆರೋಗ್ಯವಂತ ಹಸುಗಳು ಸತ್ತವು. ತಾವು ಪಶುವೈದ್ಯ ಆಸನ್‌ಕುಲ್ ಅವರನ್ನು ಅಮಾನತು ಮಾಡಿ ಕಡತ ಮುಚ್ಚಿದ್ದೀರಿ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ.

ಗಣಕಕ್ಕೆ ಕೊಟ್ಟ ಆದೇಶ ಇಷ್ಟೇ: ‘ಕೆಳಗಿನ ಷರತ್ತನ್ನು ಪೂರೈಸದ ಹಸುಗಳನ್ನು ವಧೆಯ ಪಟ್ಟಿಗೆ ಸೇರಿಸು.’ ಕೆಳಗೆ ಷರತ್ತೇ ಇರಲಿಲ್ಲ. ಇಲ್ಲದ ಷರತ್ತನ್ನು ಪೂರೈಸದೆ ಉಳಿಯುವ ಹಸು ಯಾವುದು, ಸ್ವಾಮಿ? ಒಂದೂ ಇಲ್ಲ. ಪಟ್ಟಿ ಖಾಲಿ ಬರಬೇಕಿತ್ತು. ಆದರೆ ತಂತ್ರಾಂಶ ಖಾಲಿ ಷರತ್ತನ್ನು ಕೈಬಿಡುವಾಗ ‘ಪೂರೈಸದ’ ಎಂಬ ಮಾತನ್ನೂ ಕೈಬಿಟ್ಟಿತು. ಉಳಿದದ್ದು, ‘ಹಸುಗಳನ್ನು ವಧೆಯ ಪಟ್ಟಿಗೆ ಸೇರಿಸು.’ ಇದಕ್ಕಿಂತ ವಿಧೇಯ ನೌಕರ ತಮಗೆ ಸಿಕ್ಕಾನೇ?

ಐದು ಹಸುಗಳ ಕೆನೆ ಮಾರಿ ಬದುಕುತ್ತಿದ್ದ ಬುರುಲ್ಚಾ ಅಕ್ಕನ ಅಂಗಳದಲ್ಲಿ ಅಂದು ನಾನೂ ಇದ್ದೆ. ವಧೆಗೆ ಕಾರಣವಾಗುವ, ಗಬ್ಬದ ಹಸು ಕಂದು ಹಾಕುವಂಥ ರೋಗ ಅವುಗಳ ರಕ್ತದಲ್ಲಿ ಕಂಡಿರಲಿಲ್ಲ.

“ನನ್ ಹಸುಗೆ ಏನ್ ಕಾಯ್ಲೆ ಅಂತ ಬರ್ದಿದೆ? ಓದಿ ಹೇಳಪ್ಪ,” ಎಂದಳು.

“ಏನೂ ಬರ್ದಿಲ್ಲ ಅಕ್ಕ. ಪಟ್ಟೀಲಿ ನಂಬರ್ ಇದೆ, ಅಷ್ಟೇ,” ಎಂದರು ಆಸನ್‌ಕುಲ್.

“ಏನೂ ಬರ್ದಿಲ್ಲ ಅಂದ್ಮೇಲೆ ಬಿಡ್ಬೇಕು ತಾನೇ?”

ಶಾಲೆಯ ಮೆಟ್ಟಿಲು ಹತ್ತದ ಆಕೆಗೆ ತಿಳಿದ ತರ್ಕ ತಮ್ಮ ಇಲಾಖೆಗೆ ತಿಳಿಯಲಿಲ್ಲ. ಆಸನ್‌ಕುಲ್ ಎರಡು ಬಾರಿ ಕಚೇರಿಗೆ ಕರೆ ಮಾಡಿದರು. ಪಟ್ಟಿ ಪಾಲಿಸಿ ಎಂಬ ಉತ್ತರ ಬಂತು. ಸಂಜೆಯೊಳಗೆ ಕೊಟ್ಟಿಗೆ ಬರಿದಾಯಿತು.

ಆ ತಂತ್ರಾಂಶದ ಸಾಲನ್ನು ಬರೆದವನು ನಾನು. ವಸಂತದಲ್ಲಿ ತಮ್ಮ ಕೊಠಡಿಗೇ ಬಂದು, ‘ಪೂರೈಸದ’ ಎಂಬ ಮಾತಿಗೆ ಸೇರಿದ ಷರತ್ತು ಖಾಲಿ ಇದ್ದರೆ ಯಂತ್ರ ನಿಂತು ಕೇಳಬೇಕು ಎಂದಿದ್ದೆ. “ಪ್ರತಿಯೊಂದಕ್ಕೂ ನಿಲ್ಸಿದ್ರೆ ಕೆಲ್ಸ ಆಗಲ್ಲ. ಖಾಲಿ ಇದ್ರೆ ಬಿಟ್ಟು ಮುಂದಕ್ಕೆ ಹೋಗು,” ಎಂದಿರಿ. ನಾನು ಹೋಗಿ ಹಾಗೆಯೇ ಬರೆದೆ.

ಮೊನ್ನೆ ಇದನ್ನೆಲ್ಲ ಹೇಳಿಬಿಡಲು ಬುರುಲ್ಚಾ ಅಕ್ಕನ ಮನೆಗೆ ಹೋಗಿದ್ದೆ. ಆಕೆ ರೊಟ್ಟಿ ಮುರಿದಿಟ್ಟು, ಕಪ್ಪು ಚಹಾ ಸುರಿದು, “ಹಾಲಿಲ್ಲ ಕಣೋ, ಬೇಜಾರ್ ಮಾಡ್ಕೋಬೇಡ,” ಎಂದಳು. ಚಹಾ ಮುಗಿಸಿ, ಹೇಳದೆಯೇ ಎದ್ದು ಬಂದೆ. ಆದ್ದರಿಂದ ಎಲ್ಲರೆದುರು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಆ ಸಾಲನ್ನು ಇಂದೇ ತಿದ್ದಲು ಅನುಮತಿ ಕೊಡಿ. ಆಸನ್‌ಕುಲ್ ಅವರನ್ನು ಕೆಲಸಕ್ಕೆ ಕರೆಸಿ. ತನಿಖೆಯ ವರದಿಯಲ್ಲಿ ಅವರ ಹೆಸರು ಹೊಡೆದುಹಾಕಿ ನನ್ನದನ್ನೂ ತಮ್ಮದನ್ನೂ ಬರೆಯಿರಿ.

ಇಂತಿ,
ಇನ್ನೂ ಅಮಾನತಾಗದ
ಮಿರ್ಲಾನ್