ಹೊಳೆಬಾಗಿಲಿನ ನೀಲಿ ಹಕ್ಕಿ

ರೀ,

ನೀವು ಹೋದ ಮೇಲೂ ನಾನು, ಮಗಳು ಯಶಸ್ವಿನಿ ನಿಮ್ಮ ಫೋನಿನಲ್ಲಿ, ಊರೂರು ತಿರುಗಿ ಪರದೆಯ ಮೇಲೆ ಪ್ರಾಣಿ ಹಿಡಿಯುವ ಆ ಆಟ ಆಡುತ್ತಲೇ ಇದ್ದೆವು. ನಿಮಗೆ ಕೊನೆಗೂ ಸಿಗದ ಲೆಜೆಂಡರಿ ಎನ್ನುವ ಅತಿ ಅಪರೂಪದ ನೀಲಿ ಹಕ್ಕಿ ಇವತ್ತು ಮಧ್ಯಾಹ್ನ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಕಾಣಿಸಿತು. ಸೇತುವೆಯಾದ ಮೇಲೆ ಲಾಂಚ್ ಹತ್ತಲು ಬರುವವರಿಲ್ಲದೆ ಅಲ್ಲಿ ಜನ ಕಡಿಮೆ. ಮಗಳನ್ನು ದಡದಲ್ಲಿ ನಿಲ್ಲಿಸಿ, ಫೋನನ್ನೇ ನೋಡುತ್ತ ನೀರಿನಂಚಿಗೆ ಇಳಿದೆ. ಆಟದ ಚೆಂಡು ಎಸೆದೆ. ಹಕ್ಕಿ ಅದರೊಳಗೆ ಹೋಯಿತು; ಚೆಂಡು ಅಲುಗಾಡತೊಡಗಿತು, ಅದು ನಿಂತರೆ ಹಕ್ಕಿ ನಮ್ಮದು. ಆಗಲೇ ನನ್ನ ಕಾಲು ಕೆಸರಿನಲ್ಲಿ ಹೂತದ್ದು ಗೊತ್ತಾಯಿತು. ಕೀಳಲು ಹೋದಷ್ಟೂ ಇಳಿಯುತ್ತಿದ್ದೆ. ಕೆಸರು ತೊಡೆಯವರೆಗೆ ಬಂತು.

"ಅಮ್ಮ, ತಡಿ, ನಾನು ಬರ್ತೀನಿ," ಎನ್ನುತ್ತ ಅವಳೂ ಇಳಿದಳು. ಬೇಡವೆಂದು ಕೂಗಿದೆ.

ಮೀನು ಹಿಡಿಯುತ್ತಿದ್ದ ದುಗ್ಗಪ್ಪ ಎಂಬವರು ಓಡಿಬಂದು ಅವಳನ್ನು ಹಿಂದಕ್ಕೆ ಎಳೆದು, ನನ್ನತ್ತ ಬಿದಿರಿನ ಗಳ ಚಾಚಿದರು.

"ಫೋನ್ ಬಿಡಮ್ಮ. ಎರಡೂ ಕೈಲಿ ಹಿಡ್ಕ."

ಬಿಟ್ಟೆ; ಅವರು ನನ್ನನ್ನು ದಡಕ್ಕೆಳೆದರು, ಫೋನ್ ಕೆಸರಿನಲ್ಲಿ ಮುಳುಗಿತು. ನಿಮ್ಮ ದನಿ ರೆಕಾರ್ಡ್ ಆಗಿ ಉಳಿದಿದ್ದದ್ದೂ ಆ ಫೋನಿನಲ್ಲೇ.

ಹಕ್ಕಿ ಸಿಕ್ಕಿತೋ ಇಲ್ಲವೋ, ಗೊತ್ತಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಮಗಳು ಅದನ್ನು ಕೇಳಲಿಲ್ಲ. "ಅಮ್ಮ, ಅಪ್ಪನ ತರ ನೀನೂ ಹೋಗ್ಬಿಡ್ತಿದ್ಯಾ?" ಎಂದಳು.

ಇಲ್ಲ ಅಂದೆ. ಈಗಲೂ ನನಗೆ ಅಂಟಿಕೊಂಡೇ ಕೂತಿದ್ದಾಳೆ. ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು. ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ.