ಮುಂದಿನ ಸಾಲು ಆಕಿ ಕಡೆ ಐತಿ

ಹುಬ್ಬಳ್ಳಿ
೨೧೭೬ನೆಯ ಇಸವಿ, ಹದಿಮೂರನೆಯ ತಿಂಗಳಾದ ಬಿಡುವು ಮಾಸದ ಐದನೆಯ ದಿನ

ಪ್ರೀತಿಯ ವಿಶಾಲಾಕ್ಷಿ ಬಡಿಗೇರಳಿಗೆ,

ಹದಿಮೂರನೆಯ ತಿಂಗಳು ಎಂದು ಓದಿ ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಬೇಸಿಗೆ ವರ್ಷವರ್ಷ ಉದ್ದವಾಗುತ್ತ ಬಂದಾಗ ನಮ್ಮ ಹಿರಿಯರು ಎಲ್ಲ ತಿಂಗಳುಗಳಿಂದ ಒಂದೆರಡು ದಿನ ಕತ್ತರಿಸಿ, ಯಾರೂ ಬಿಸಿಲಲ್ಲಿ ದುಡಿಯಬಾರದಂಥ ಒಂದು ತಿಂಗಳನ್ನು ಹೊಲಿದುಕೊಂಡರು. ಅದೇ ಬಿಡುವು ಮಾಸ. ನನ್ನ ಮಾತಿನಲ್ಲಿ ವಿಚಿತ್ರವೆನಿಸುವ ಪದಗಳು ಬಂದರೆ ಕ್ಷಮಿಸು. ನೀನಾಡುವ ಕನ್ನಡವನ್ನು ನಾವು ಶಾಲೆಯಲ್ಲಿ ಹಳಗನ್ನಡವೆಂದು ಓದುತ್ತೇವೆ, ಅದರಲ್ಲಿ ನನಗೆ ಎಂದೂ ಒಳ್ಳೆಯ ಅಂಕ ಬಂದಿಲ್ಲ. ನಾನು ನಿನಗಿಂತ ಒಂದೂವರೆ ಶತಮಾನ ಕಿರಿಯಳು. ಆದರೆ ಈ ಓಲೆ ತಲುಪುವ ಸಂಜೆ ನಿನಗೆ ಇಪ್ಪತ್ತು, ನನಗೆ ಇಪ್ಪತ್ತೊಂದು. ಹಾಗಾಗಿ ಅಕ್ಕನ ಸಲಿಗೆಯಿಂದ ನೀನು ಎನ್ನುತ್ತೇನೆ.

ಇದು ಹಿಂದೋಲೆ. ಹಿಂದಿನ ಕಾಲಕ್ಕೆ ಹೋಗುವ ಓಲೆ. ನಮ್ಮಲ್ಲಿ ಇಪ್ಪತ್ತೊಂದು ತುಂಬಿದವರು ಜೀವಮಾನದಲ್ಲಿ ಒಂದೇ ಒಂದು ಹಿಂದೋಲೆ ಬರೆಯಬಹುದು. ತಲುಪುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ನನ್ನ ಗೆಳತಿಯರು ಮುತ್ತಜ್ಜಿಯರಿಗೆ ಬರೆದು ಬೆಲ್ಲದ ಹೋಳಿಗೆಯ ಹದ ಕೇಳಿದರು. ನಾನು ನಿನಗೆ ಬರೆಯುವೆನೆಂದಾಗ ಅವ್ವ, "ಕೇಳವ್ವಾ, ನಮ್ಮ ಮನಿಯಾಗ ಎಲ್ಲಾರೂ ಕೇಳಬೇಕಂತ ಇದ್ದದ್ದ ಅದು" ಎಂದಳು.

ನಿನ್ನ ದಿನಚರಿ ಈ ಊರಿಗೆ ಬಾಯಿಪಾಠ. ಬೆಳಿಗ್ಗೆ ತಂಬೂರಿ ಹಿಡಿದು ರಿಯಾಜು. ಆಮೇಲೆ ಎಲೆಕ್ಟ್ರಾನಿಕ್ಸ್ ತರಗತಿ, ಲ್ಯಾಬು. ಸಂಜೆ ಚರಂಡಿ ಕೆಲಸಗಾರರ ಓಣಿಯಲ್ಲಿ ಸಭೆ, ಇಲ್ಲವೇ ಯಾವುದಾದರೂ ಕಚೇರಿಯ ಮುಂದೆ ಧರಣಿ. ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸಬಾರದು, ಯಂತ್ರ ತರಿಸಿ ಎಂಬುದು ನಿಮ್ಮ ಬೇಡಿಕೆ. ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಬಂದಾಗ ನೀನು ಸಿಟಿ ಬಸ್ಸಿನಲ್ಲಿ ಸರ್ಕ್ಯೂಟುಗಳನ್ನು ಯಮನ್ ರಾಗದಲ್ಲಿ ಕಂಠಪಾಠ ಮಾಡುತ್ತಿದ್ದೆಯಂತೆ, ಪಕ್ಕದ ಸೀಟಿನವರು ಎದ್ದು ಹೋಗುತ್ತಿದ್ದರಂತೆ. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಮನೆಯಲ್ಲಿ ಬೈದರೆ, ನನ್ನವು ಮೂರು ದೋಣಿ, ಮೂರನ್ನೂ ಕಟ್ಟಿಕೊಂಡರೆ ತೆಪ್ಪವಾಗುತ್ತದೆ ಎಂದು ಉತ್ತರ ಕೊಡುತ್ತಿದ್ದೆಯಂತೆ. ನಮ್ಮ ಓದಿಗೆ ಮೂರೆಳೆ ಎಂಬ ಹೆಸರು ಬಂದದ್ದು ಆ ಮಾತಿನಿಂದಲೇ. ಪ್ರತಿ ವಿದ್ಯಾರ್ಥಿಯೂ ಒಂದು ವಿದ್ಯೆ, ಒಂದು ಕಲೆ, ಓಣಿಯ ಒಂದು ಕೆಲಸ, ಈ ಮೂರೂ ಎಳೆಗಳನ್ನು ಹೊಸೆದರೆ ಮಾತ್ರ ಪಾಸು. ನನ್ನವು ಜಲಶಾಸ್ತ್ರ, ಹಾಡು ಮತ್ತು ಏಡಿ ಕೆಲಸ. ಹಾಡಿನಲ್ಲಿ ನಾನು ಅಷ್ಟಕ್ಕಷ್ಟೇ.

ಏಡಿ ಎಂದರೆ ಚರಂಡಿಗೆ ಇಳಿಯುವ ಯಂತ್ರ. ಮುಂದೆ ನೀನೇ ಮಾಡಲಿರುವುದು. ಎಂಟು ಕಾಲು, ಮುಂದೆರಡು ಕೊಂಡಿ, ಅಡ್ಡಡ್ಡ ನಡಿಗೆ. ನಾಲ್ಕು ತಲೆಮಾರಿನಿಂದ ಈ ಊರಿನಲ್ಲಿ ಒಬ್ಬ ಮನುಷ್ಯನೂ ಆ ಕತ್ತಲೆಗೆ ಇಳಿದಿಲ್ಲ. ಓಣಿಗೆ ಏಡಿ ಬಂದ ದಿನ ಮಕ್ಕಳು ಗಿರ್ಮಿಟ್ ಮಂಡಕ್ಕಿಯ ಪೊಟ್ಟಣ ಹಿಡಿದು ಸುತ್ತ ಕೂರುತ್ತಾರೆ. (ಗಿರ್ಮಿಟ್ ಇನ್ನೂ ಇದೆ, ಸಮಾಧಾನವಿರಲಿ.) ಮುಚ್ಚಳ ತೆರೆದು ಏಡಿಯನ್ನು ಬಿಟ್ಟ ಮೇಲೆ, ಗುಂಡಿಯ ಬಾಯಲ್ಲಿ ನಿಂತವರು ನಿನ್ನ ಹಾಡಿನ ಎರಡು ಸಾಲು ಹೇಳಬೇಕು. ಯಂತ್ರಕ್ಕೇಕೆ ಹಾಡು ಎಂದು ಹೊರಗಿನವರು ನಗುತ್ತಾರೆ. ನಾವು ಬಿಟ್ಟಿಲ್ಲ.

ಎಲ್ಲರ ಮನೆಯ ನೀರು ಇಳಿದು ಎಲ್ಲಿಗೆ ಹೋಗುವುದೋ,
ಆ ದಾರಿ ಹಿಡಿದು ಹೋದ ಅಣ್ಣ ಎಂದು ಬರುವನೋ.

ಅಷ್ಟು ಹಾಡಿ ನಿಲ್ಲಿಸುತ್ತೇವೆ. ಏಡಿ ಮೇಲೆ ಬರುವ ತನಕ ಓಣಿಯಲ್ಲಿ ಯಾರೂ ಮಾತಾಡುವುದಿಲ್ಲ. ಹೊಸ ಮಕ್ಕಳು ಮುಂದೇನು ಎಂದು ಕೇಳಿಯೇ ಕೇಳುತ್ತಾರೆ. ದೊಡ್ಡವರ ಉತ್ತರ ಒಂದೇ: "ಮುಂದಿನ ಸಾಲು ಆಕಿ ಕಡೆ ಐತಿ." ಈಗ ಅದು ಊರಿನ ಗಾದೆಯೇ ಆಗಿದೆ. ಅರ್ಧಕ್ಕೆ ನಿಂತ ಗೋಡೆಗೂ, ಮಾತು ಮುರಿದ ಮದುವೆಗೂ ಹುಬ್ಬಳ್ಳಿಯವರು ಹಾಗೆಯೇ ಅನ್ನುತ್ತಾರೆ. ಆಕಿ ಅಂದರೆ ನೀನು.

ಇನ್ನು ನಿನಗೆ ನೋವಾಗುವ ಮಾತು. ಯಂತ್ರ ಬರುವ ತನಕ ಒಳಗಿಳಿಯುವವರು ಉಸಿರಾಡಲಿ ಎಂದು ನೀನು ವಿಷಗಾಳಿ ಗುರುತಿಸುವ ಪುಟ್ಟ ಪೆಟ್ಟಿಗೆ ಮಾಡಿದೆ. ಪೆಟ್ಟಿಗೆ ಕೊಟ್ಟರೆ ಇಳಿಸುವುದಕ್ಕೆ ಒಪ್ಪಿದಂತೆ ಎಂದು ಸಂಗಾತಿಗಳು ಜಗಳವಾಡಿದರು. ತತ್ವ ಆಮೇಲೆ, ಮೊದಲು ಜೀವ ಎಂದೆ ನೀನು. ಎಲ್ಲ ಸರಿ. ಆದರೆ ಎಚ್ಚರಿಕೆಯ ಸದ್ದಿಗೆ ನೀನು ಕರ್ಕಶವಾದ ಕಿರುಚಾಟ ಇಡಲಿಲ್ಲ. ಶ್ರುತಿ ತಪ್ಪಿದ ಸದ್ದನ್ನು ನಿನ್ನ ಕೈಯಾರೆ ಮಾಡಲು ನಿನಗೆ ಮನಸ್ಸು ಬರಲಿಲ್ಲ. ಓಣಿಯವರಿಗೆಲ್ಲ ಪರಿಚಯವಿದ್ದ ನಿನ್ನದೇ ಹಾಡಿನ ಆ ಎರಡು ಸಾಲುಗಳ ಧಾಟಿಯನ್ನು ಇಟ್ಟೆ. ಧರಣಿಯಲ್ಲಿ ನೀನು ಹಾಡಿದ್ದೂ ಅಷ್ಟೇ, ಉಳಿದದ್ದನ್ನು ಗೆದ್ದ ದಿನ ಹಾಡುವೆನೆಂದು ಮಾತು ಕೊಟ್ಟಿದ್ದೆ. ಇಂಥ ತಪ್ಪು ಬರಿಯ ಎಂಜಿನಿಯರ್ ಮಾಡುವುದಿಲ್ಲ, ಬರಿಯ ಹಾಡುಗಾರ್ತಿಯೂ ಮಾಡುವುದಿಲ್ಲ.

ಮೊನ್ನೆ, ನಿನ್ನ ಲೆಕ್ಕದ ಮೊನ್ನೆ, ಗುತ್ತಿಗೆದಾರನೊಬ್ಬ ಆ ಓಣಿಯ ಚರಂಡಿ ಕೆಲಸಗಾರ ದುರ್ಗಪ್ಪನನ್ನು ಒಳಗಿಳಿಸಿದ. ಸೊಂಟದಲ್ಲಿ ನಿನ್ನ ಪೆಟ್ಟಿಗೆಯಿತ್ತು. ಗಾಳಿ ಕೆಟ್ಟಿತು, ಪೆಟ್ಟಿಗೆ ಹಾಡಿತು. ದುರ್ಗಪ್ಪ ಮೇಲೆ ಹತ್ತಲಿಲ್ಲ. ಅಲ್ಲೇ ನಿಂತು ಕೇಳಿದ. ಮೇಲೆ ಹಗ್ಗ ಹಿಡಿದಿದ್ದ ಅವನ ತಮ್ಮ ಮಾರುತಿ ಎಳೆದು ಹಾಕುವಷ್ಟರಲ್ಲಿ ಪ್ರಜ್ಞೆ ಹೋಗಿತ್ತು.

ಅವನು ಬದುಕಿದ. ಅದು ನಿನಗೂ ಗೊತ್ತು. ಆದರೆ ನಿನ್ನ ಹಾಡು ಒಂದು ಜೀವ ತೆಗೆಯುತ್ತಿತ್ತು ಎಂಬುದೊಂದೇ ನಿನ್ನ ಕಿವಿಯಲ್ಲಿ ಉಳಿದಿದೆ. ತಂಬೂರಿಗೆ ಗವಸು ಹಾಕಿ ಅಟ್ಟಕ್ಕೇರಿಸಿ ಈಗಷ್ಟೇ ಕೆಳಗಿಳಿದಿದ್ದೀಯ, ಕೈಯಲ್ಲಿನ್ನೂ ಧೂಳಿದೆ.

ಮುಂದಿನದು ನಾನು ಬಲ್ಲೆ. ಒಂದರ ಪಕ್ಕ ಒಂದು ತಿಕ್ಕಾಡುವ ಎರಡು ಸ್ವರಗಳನ್ನು ಹುಡುಕಿ ಹೊಸ ಎಚ್ಚರಿಕೆ ಮಾಡುತ್ತೀಯ. ಅದು ಕೇಳಿದರೆ ಕಿವುಡರೂ ಓಡುತ್ತಾರೆ ಎಂಬುದು ನಮ್ಮಲ್ಲಿ ತಮಾಷೆ. ಅಷ್ಟು ಕೆಟ್ಟ ಸ್ವರ ಹುಡುಕಲು ಅಷ್ಟು ಒಳ್ಳೆಯ ಕಿವಿ ಬೇಕಿತ್ತು. ಪದವಿ ಮುಗಿಸುತ್ತೀಯ, ಏಡಿ ಮಾಡುತ್ತೀಯ, ಧರಣಿ ಗೆಲ್ಲುತ್ತದೆ. ಗೆದ್ದ ದಿನ ಎಲ್ಲರೂ ನಿನ್ನನ್ನು ಹಾಡೆಂದಾಗ ನೀನು ತಲೆಯಾಡಿಸಿ ಕುಳಿತುಬಿಡುತ್ತೀಯ. ಆಮೇಲೆ ಸಾಯುವ ತನಕ ಒಂದು ಸ್ವರವನ್ನೂ ಹಾಡುವುದಿಲ್ಲ. ನಿನ್ನ ಸಾಧನೆಯನ್ನು ಓದುವಾಗೆಲ್ಲ ನನಗೆ ಹೆಮ್ಮೆಯಾಗುತ್ತದೆ. ಆ ಒಂದು ಸಾಲಿಗೆ ಬಂದಾಗ ಮಾತ್ರ ಪ್ರತಿ ಸಲವೂ ಅಳು ಬರುತ್ತದೆ.

ನಾನು ದುರ್ಗಪ್ಪನ ಮನೆಯವಳು. ಅವನ ಮಗಳ ಮರಿಮೊಮ್ಮಗಳ ಮಗಳು. ನಿನಗೆ ತಿಳಿಯದ ಒಂದು ಮಾತು ನಮ್ಮ ಮನೆಯಲ್ಲಿದೆ. ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟಾಗ ಹೆಂಡತಿ ಹನುಮವ್ವ, "ಪೆಟ್ಟಿಗಿ ಒದರಾಕತ್ತಿತ್ತಲ್ಲಾ, ಯಾಕ ಹತ್ತಿ ಬರಲಿಲ್ಲ?" ಎಂದು ಗದರಿದಳಂತೆ. ಅವನು ಅಂದದ್ದು: "ಅದು ಒದರಲಿಲ್ಲಲೇ, ಹಾಡ್ತು. ಕೆಳಗ ನಮಗಂತ ಯಾರರ ಹಾಡ್ಯಾರೇನು? ಮುಂದಿಂದೊಂದು ಸಾಲು ಬರ್ತೈತಿ, ಕೇಳೇ ಹತ್ತೂಣಂತ ನಿಂತೆ."

ಹಾಡಿಗೆ ಅವನು ಬೈಯಲಿಲ್ಲ, ವಿಶಾಲಾ. ಕಾದ. ನಿನಗೆ ಇನ್ನು ನಡೆಯಬೇಕಾದದ್ದು ನನಗೆ ಹಳೆಯ ಕಥೆ: ಗುಣವಾದ ಮೇಲೆ ನಿನ್ನ ಕಾಲೇಜಿನ ಗೇಟಿಗೆ ಬಂದ. ನೀನು ಆ ಮುಖ ನೋಡಲಾರೆನೆಂದು ಹಿಂದಿನ ಬಾಗಿಲಿನಿಂದ ಹೊರಟುಹೋದೆ. ಮತ್ತೆ ಬಂದ, ಮತ್ತೆ ಹೋದೆ. ಬೈಯಲು ಬಂದಿದ್ದಾನೆಂದು ನೀನು ತಿಳಿದೆ, ಕಾಟ ಕೊಡಬಾರದೆಂದು ಅವನೂ ಬರುವುದು ಬಿಟ್ಟ. ತುಂಬು ವಯಸ್ಸಿನಲ್ಲಿ, ತನ್ನದೇ ಹೊರಸಿನ ಮೇಲೆ, ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದ. ಕೊನೆಗೆ ಮಗಳನ್ನು ಕರೆದು, "ಆ ಹುಡುಗಿ ಎಲ್ಲ್ಯರ ಸಿಕ್ರ ಕೇಳ್ರಿ. ಹಾಡಿನ್ಯಾಗ ಆ ಅಣ್ಣ ಹೋಗಿದ್ನಲ್ಲ, ಬಂದ್ನೋ ಇಲ್ಲೋ" ಎಂದನಂತೆ. ಅಂದಿನಿಂದ ಈ ಮಾತು ತಾಯಿಯಿಂದ ಮಗಳಿಗೆ ಇಳಿದು ನನ್ನ ತನಕ ಬಂದಿದೆ. ಅಷ್ಟರಲ್ಲಿ ಕೇಳಲು ನೀನೇ ಉಳಿದಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆ. ಪೆಟ್ಟಿಗೆಯ ಸದ್ದು ಬದಲಿಸು, ನಾಳೆಯೇ ಬದಲಿಸು, ಅಲ್ಲಿ ಹಾಡು ಬೇಡ. ಆದರೆ ತಂಬೂರಿಯನ್ನು ಅಟ್ಟದಿಂದ ಇಳಿಸು. ದುರ್ಗಪ್ಪ ಇಂದು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಓಣಿಯ ನಲ್ಲಿಯ ಎದುರಿನ ಮನೆ, ನೀಲಿ ಬಾಗಿಲು, ನೀನು ಎಷ್ಟೋ ಸಲ ಚಹಾ ಕುಡಿದ ಕಟ್ಟೆ. ಹೋಗು. ಹನುಮವ್ವ ಮೊದಲು ನಾಲ್ಕು ಮಾತು ಅಂದಾಳು, ಅನ್ನಿಸಿಕೋ. ಆಮೇಲೆ ಉಳಿದದ್ದನ್ನು ಹಾಡು.

ನೀನು ಹಾಡಿದರೆ ನಮ್ಮ ಓಣಿಯ ಆ ಮೌನ ಇಲ್ಲವಾಗುತ್ತದೆ, ಗಾದೆಯೂ ಹೋಗುತ್ತದೆ. ಈ ಓಲೆ ಬರೆಯುವ ಕಾರಣವೇ ನನಗೆ ಉಳಿಯುವುದಿಲ್ಲ. ಹೋಗಲಿ. ನಾಳೆ ನನ್ನ ಪಾಳಿ, ಬಿಸಿಲೇರುವ ಮೊದಲು ಏಡಿಯನ್ನು ಬಿಟ್ಟು ಎರಡು ಸಾಲು ಹೇಳುತ್ತೇನೆ. ಈ ಸಲ ಬಾಯಿ ಮುಚ್ಚುವುದಿಲ್ಲ. ಮೂರನೆಯ ಸಾಲು ನನಗೇ ಗೊತ್ತಿಲ್ಲದಂತೆ ಬಾಯಿಗೆ ಬಂದರೆ, ನೀನು ಹೋಗಿದ್ದೆ ಎಂದು ತಿಳಿಯುತ್ತೇನೆ.

ಆ ಅಣ್ಣ ಬಂದಿದ್ದಾನೆ, ವಿಶಾಲಾ. ಮೇಲೆ ಬಂದು ಕಟ್ಟೆಯ ಮೇಲೆ ಕುಳಿತಿದ್ದಾನೆ. ಮುಂದಿನ ಸಾಲು ನಿನ್ನ ಕಡೆ ಇದೆ.

ನಿನ್ನ,
ದ್ಯಾಮವ್ವ
ದುರ್ಗಪ್ಪನ ಮನೆಯವಳು