ಮೀಟರಿನಲ್ಲಿ ಅರವತ್ತು

ಅಪ್ಪನಿಗೆ ನಮಸ್ಕಾರ.

ಬೈಕನ್ನು ಮಾರಿಬಿಡು ಎಂದು ಫೋನಿನಲ್ಲಿ ಹೇಳಿದ್ದಿರಿ. ಮಾರುವುದಕ್ಕೂ ಮುಂಚೆ ಒಮ್ಮೆ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಓಡಿಸಿ ಬಂದವರೇ, "ಈ ಮೀಟರ್ ಮೊದಲಿಂದ್ಲೂ ಸುಳ್ಳೇ ಹೇಳ್ತಿದೆಯಮ್ಮ," ಎಂದರು. ನಂಬಿಕೆಯಾಗದೆ ಚಿಕ್ಕಪ್ಪನ ಕಾರಿನ ಜೊತೆಜೊತೆಗೆ ನಾನೇ ಓಡಿಸಿ ನೋಡಿದೆ. ಕಾರು ನಲವತ್ತೈದರಲ್ಲಿದ್ದಾಗ ಬೈಕಿನ ಮೀಟರು ಅರವತ್ತು ತೋರಿಸಿತು. ಅದರಲ್ಲೇ ಇರುವ ತಾಪಮಾನದ ಅಂಕಿಯಂತೂ ಬೆಳಗಿನ ಚಳಿಯಲ್ಲೂ ಹೊರಗೆ ನಲವತ್ತು ಡಿಗ್ರಿ ಬಿಸಿಯಿದೆ ಅಂದಿತು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು: "ನಿಮ್ಮಪ್ಪನ ಥರಾನೇ, ಎಲ್ಲಾ ಒಂದಕ್ಕೆರಡು ಮಾಡಿ ಹೇಳೋದು!"

ಅಪ್ಪ, ನಿಮ್ಮ ಬೈಕಿನಿಂದ ಅಮ್ಮ ಬಿದ್ದ ದಿನ ನೀವು ಅರವತ್ತರಲ್ಲಿ ಇರಲೇ ಇಲ್ಲ. ತಿರುವಿನಲ್ಲಿ ಚೆಲ್ಲಿದ್ದ ಎಣ್ಣೆಗೆ ಯಾರೇ ಆಗಿದ್ದರೂ ಜಾರುತ್ತಿದ್ದರು. ಆಸ್ಪತ್ರೆಯಲ್ಲಿ ನೀವು ಗೋಡೆಗೆ ಮುಖ ಮಾಡಿ, "ಅರವತ್ತರಲ್ಲಿದ್ದೆ, ಅವಳ ಕಾಲು ಮುರಿದವನು ನಾನೇ," ಎಂದು ಅತ್ತಿರಿ. ಆಮೇಲೆ ದೂರದ ಊರಿಗೆ ವರ್ಗ ಕೇಳಿಕೊಂಡು ಹೋಗಿಬಿಟ್ಟಿರಿ.

ಅಮ್ಮನ ಪ್ಲಾಸ್ಟರ್ ಬಿಚ್ಚಿದ್ದಾರೆ. ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಾಳೆ. ಬೈಕಿನಲ್ಲಿ ಒಂದು ಸುತ್ತು ಹೋಗಿಬರೋಣ ಎಂದರೆ, "ನಿನ್ನ ಹಿಂದೆ ಕೂರೋಕೆ ನಂಗೆ ಭಯ. ಅವರೇ ಬರ್ಲಿ," ಎನ್ನುತ್ತಾಳೆ.

ಮೀಟರ್ ರಿಪೇರಿಯಾಗಿದೆ. ಶನಿವಾರ ಬನ್ನಿ. ಅಮ್ಮನಿಗೆ ಹೊಸ ಹೆಲ್ಮೆಟ್ ತಂದಿದ್ದೇನೆ. ಅದರ ಪಟ್ಟಿಯನ್ನು ನೀವೇ ಕಟ್ಟಬೇಕಂತೆ.

ನಿಮ್ಮ ಮಗಳು